ಅರ್ಧ ದಿನದ ಮುಯ್ಯಾಳು

ಅವಳು ಹೋದಳು ಎಂದು ಅವಳ ಸೊಸೆ ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ನಂದು ಒಂದು ದಿನ ಬಾಕಿ ಇತ್ತಲ್ಲ" ಎಂಬುದು. ಅಯ್ಯೋ ಎಂದಾದರೂ ಅನ್ನಬೇಕಿತ್ತು. ಆ ಕಡೆ ಸೊಸೆ, "ಅತ್ತೆನೂ ಅದನ್ನೇ ಹೇಳ್ತಿದ್ರು ಮೇಷ್ಟ್ರೆ" ಎಂದಳು. ಎಂಬತ್ತು ದಾಟಿದ ಮುದುಕಿಯರು ಸಾಯುವಾಗ ದೇವರ ಹೆಸರು ಹೇಳುವುದು ವಾಡಿಕೆ. ಇವಳು ನನ್ನ ಬಾಕಿ ಹೇಳಿಕೊಂಡು ಹೋಗಿದ್ದಳು.

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವಳದೇ ಕಟ್ಟಪ್ಪಣೆ. ನಾನು ಸಾಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವನು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ರೈತ ಕುಟುಂಬಗಳ ಹಳೆಯ ನೆನಪುಗಳನ್ನು ಧ್ವನಿಮುದ್ರಿಸಿ ಇಡುವ ಕೆಲಸ ಶುರು ಮಾಡಿದರು. ಅಂಗೈಯಷ್ಟು ದೊಡ್ಡ ರೆಕಾರ್ಡರು, ನಲವತ್ತು ಪ್ರಶ್ನೆಗಳ ಪಟ್ಟಿ, ಒಪ್ಪಿಗೆ ಪತ್ರಗಳ ಒಂದು ಕಟ್ಟು ಇಷ್ಟನ್ನು ನನ್ನ ಚೀಲಕ್ಕೆ ತುಂಬಿ, ರಜೆಯಲ್ಲಿ ಊರೂರು ತಿರುಗಿ ಎಂದರು. ಪೆಟ್ರೋಲು ಅವರದು, ಬೆನ್ನುನೋವು ನನ್ನದು. ಬ್ಯಾಕೋಡಿನ ಹಿರಿಯರೊಬ್ಬರು ನಾನು ಪ್ರಶ್ನೆ ಕೇಳುವ ಮೊದಲೇ ಅಳಲು ಶುರು ಮಾಡಿ, ಬ್ಯಾಟರಿ ಮುಗಿಯುವವರೆಗೆ ಅತ್ತರು. ಕಾರ್ಗಲ್ಲಿನ ನಿವೃತ್ತರೊಬ್ಬರು ನೆನಪು ಹೇಳುವ ಬದಲು ತಮ್ಮ ಬಡ್ತಿಯ ಆದೇಶಗಳನ್ನು ತಂದು ಓದಿದರು. ಹೀಗೆ ಹದಿನಾರು ಜನರಾದ ಮೇಲೆ ಸಿಕ್ಕವಳು ಇವಳು.

ಒಪ್ಪಿಗೆ ಪತ್ರ ಓದಿ ಹೇಳಿ, ಇಲ್ಲಿ ಹೆಸರು ಹಾಕಬೇಕು ಎಂದಾಗ, ಎಲೆಯಡಿಕೆಯ ಕವಳ ತುಂಬಿದ ಬಾಯನ್ನು ಮೇಲೆತ್ತಿ, "ಹೆಸ್ರು ಹಾಕ್ಬೇಡಿ. ಹೆಸ್ರು ಹಾಕಿದ್ರೆ ಆಮೇಲೆ ಸುಳ್ಳು ಹೇಳಕ್ಕೆ ಸಂಕೋಚ ಆಗ್ತದೆ" ಎಂದಳು. ಹಾಗಾಗಿ ನಮ್ಮ ಕಡತದಲ್ಲಿ ಅವಳು ಬರೀ 'ಮಾಹಿತಿದಾರರು ಹದಿನೇಳು'. ಅವಳನ್ನು ಹೀಗೆ ಏಕವಚನದಲ್ಲಿ ಬರೆಯುತ್ತಿರುವುದಕ್ಕೂ ಅವಳೇ ಕಾರಣ. ಎದುರಿಗೆ ನಾನು ಯಾವತ್ತೂ ನೀವು ಎಂದೇ ಮಾತಾಡಿಸಿದವನು. ಆದರೆ ನನ್ನ ಟಿಪ್ಪಣಿಯಲ್ಲಿ 'ಅವರು ಹೇಳಿದರು, ಅವರು ನಕ್ಕರು' ಎಂದಿದ್ದನ್ನು ಓದಿಸಿ ಕೇಳಿ, "ಇದು ಯಾವ್ದೋ ತಾಸಿಲ್ದಾರ್ರ ಸುದ್ದಿ ಇದ್ದಂಗದೆ. ನಂದು ಅನ್ನಿಸ್ತಾನೇ ಇಲ್ಲ" ಎಂದಿದ್ದಳು.

ಅವಳ ಊರು ಅರಳಸುರಳಿಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗೆ. ಒಂದು ಕಾಲಕ್ಕೆ ಗೇಣಿ ಒಕ್ಕಲು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದ ಮೇಲೆ ಎರಡೂವರೆ ಎಕರೆ ಗದ್ದೆ ಅವರದೇ ಆಯಿತು. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಮಗ ಹೊಸನಗರದಲ್ಲಿ ಪಂಪ್‌ಸೆಟ್ಟು ರಿಪೇರಿ ಅಂಗಡಿ ಇಟ್ಟಿದ್ದಾನೆ. ಗದ್ದೆ ನೋಡಿಕೊಳ್ಳುವುದು ಸೊಸೆ, ಸೊಸೆಯನ್ನು ನೋಡಿಕೊಳ್ಳುವುದು ಇವಳು.

ಮೊದಲ ದಿನ ನಾನು ಜಗಲಿಯಲ್ಲಿ ಕೂರುವ ಮೊದಲೇ ಅವಳ ಪ್ರಶ್ನೆಗಳು ಶುರುವಾದವು. "ಯಾವೂರಾಯ್ತು? ಯಾರ ಮನೆ?" ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಪೇಟೆ, ಅಜ್ಜನ ಕಾಲದಲ್ಲಿ ಇಲ್ಲೇ ಮೇಲಿನಕೇರಿಯಲ್ಲಿ ಮನೆ ಇತ್ತಂತೆ, ನಾನು ಹುಟ್ಟುವ ಮೊದಲೇ ಎಲ್ಲ ಮಾರಿ ಪೇಟೆ ಸೇರಿದರಂತೆ ಎಂದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಕಾಲನ್ನು ಮಾತ್ರ ಇನ್ನೊಮ್ಮೆ ನೋಡಿದಳು.

"ಹಂಗಾರೆ ಮುಯ್ಯಾಳಿಗಾದ್ರೆ ಹೇಳ್ತೀನಿ" ಎಂದಳು.

ಮುಯ್ಯಾಳು ಎಂದರೆ, ಇವತ್ತು ನಿಮ್ಮ ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿಗೆ ನಾನು ಬಂದರೆ ನಾಳೆ ನನ್ನ ಗದ್ದೆಯ ನೆಟ್ಟಿಗೆ ನೀವು ಬರಬೇಕು. ಕೂಲಿ ಇಲ್ಲ, ದಿನಕ್ಕೆ ದಿನ. ಇದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಮುಯ್ಯಾಳು ತಪ್ಪಿಸಿದ ಮನೆಯ ಕಡೆಗೆ ಮುಂದಿನ ವರ್ಷ ಒಬ್ಬರೂ ತಲೆ ಹಾಕುವುದಿಲ್ಲ. ಅವರ ಸಸಿ ಮಡಿಯಲ್ಲೇ ಬಲಿತು ಕೆಲಸಕ್ಕೆ ಬಾರದಂತಾಗುತ್ತದೆ.

"ನಾ ಒಂದಿನ ಕೂತು ಹೇಳಿದ್ರೆ ನಂದು ಒಂದಿನ ಹೋಯ್ತಲ್ಲ. ಅದ್ನ ನೀವು ತಿರುಗಿ ಕೊಡಿ."

ಸಂಸ್ಥೆಯವರು ಸಣ್ಣ ಗೌರವಧನ ಕೊಡುತ್ತಾರೆ ಎಂದೆ.

"ಅದ್ನ ನಿಮ್ಮ ಸಂಸ್ಥೆಯೋರೇ ಇಟ್ಕಳ್ಲಿ. ನಂಗೆ ದಿನ ಬೇಕು."

ಎಂಥ ಜಾನಪದ ಎಂದು ನನಗೆ ರೋಮಾಂಚನವಾಯಿತು. ಪ್ರಬಂಧವೊಂದರ ಶೀರ್ಷಿಕೆ ಕೂಡ ಆಗಲೇ ಹೊಳೆಯಿತು. ಒಪ್ಪಿಕೊಂಡೆ.

ಮೊದಲ ಮುಯ್ಯಿ ತೀರಿಸಲು ಹೋದದ್ದು ಆಷಾಢದಲ್ಲಿ. ಪ್ಯಾಂಟು ಮೊಣಕಾಲಿಗೆ ಮಡಚಿ, ವಾಚು ಬಿಚ್ಚಿ, ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಗದ್ದೆಗೆ ಇಳಿದೆ. ಐದಾರು ಹೆಂಗಸರು ಸಾಲಾಗಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ನೆಡುತ್ತಿದ್ದರು. ನಾನೂ ಹಿಂದಕ್ಕೆ ಸರಿದೆ. ಎರಡನೆಯ ಹೆಜ್ಜೆಗೆ ಕಾಲು ಕೆಸರಿನಲ್ಲೇ ಉಳಿದು ನಾನು ಮಾತ್ರ ಹಿಂದೆ ಹೋದೆ. ಬದುವಿನ ಮೇಲೆ ಕಂಬಳಿ ಕೊಪ್ಪೆ ಹೊದ್ದು ಕೂತಿದ್ದ ಇವಳು, "ನೆಡಾದು ಹೇಳಿದ್ದು ಮೇಷ್ಟ್ರೆ, ಮಲಗಾದು ಹೇಳ್ಲಿಲ್ಲ" ಎಂದಳು. ಮಧ್ಯಾಹ್ನದ ಹೊತ್ತಿಗೆ ನಾನೊಂದು ಸಾಲು ಮುಗಿಸಿದೆ. ಅದನ್ನು ಸಾಲು ಎನ್ನಬೇಕಾದರೆ ನೋಡುವವರಿಗೆ ಒಳ್ಳೆಯ ಮನಸ್ಸಿರಬೇಕು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿ, "ನಿಮ್ಮನೆ ನೆಟ್ಟಿನೇ ಹಿಂಗೆ ಬಿಡಿ" ಎಂದಳು. ಪೇಟೆಯವರನ್ನೆಲ್ಲ ಸೇರಿಸಿ ಹಂಗಿಸುತ್ತಿದ್ದಾಳೆ ಎಂದುಕೊಂಡೆ.

ಒಂದು ವಿಷಯ ಮಾತ್ರ ನನ್ನ ಮನಸ್ಸಿಗೆ ತಟ್ಟಿತ್ತು. ಸಂಜೆ ನಾನು ಹೊರಟಾಗ ಅವಳು ಬದುವಿನ ಮೇಲೆ ಬಂದು ನಿಂತಳು. ನನ್ನ ಬೈಕು ತಿರುವು ದಾಟುವವರೆಗೆ ನಿಂತೇ ಇದ್ದಳು. ಗದ್ದೆ ಕೆಲಸಕ್ಕೆ ಹೋದ ಪ್ರತಿ ಸಲವೂ ಹಾಗೆಯೇ. ಎಷ್ಟು ಪ್ರೀತಿ, ಎಷ್ಟು ಅಂತಃಕರಣ ಎಂದು ಹೆಂಡತಿಯ ಹತ್ತಿರ ಹೇಳಿದ್ದೆ. ಮನೆಯಲ್ಲಿ ಯಾರೂ ನನ್ನನ್ನು ಬಾಗಿಲವರೆಗೂ ಕಳಿಸಿಕೊಟ್ಟವರಲ್ಲ ಎಂದೂ ಸೇರಿಸಿದ್ದೆ.

ಪ್ರಶ್ನೆಪಟ್ಟಿಗೆ ಅವಳ ಹತ್ತಿರ ಮರ್ಯಾದೆ ಇರಲಿಲ್ಲ. 'ನಿಮ್ಮ ಬಾಲ್ಯದ ಸಿಹಿ ನೆನಪು ಯಾವುದು' ಎಂದರೆ "ಬೆಲ್ಲ ಕದ್ದಿದ್ದು" ಎಂದಳು. ನೆಟ್ಟಿಯ ಪದಗಳನ್ನು ಹಾಡಿ ಎಂದು ಕೇಳಿದೆ. ನಮ್ಮ ಸಂಸ್ಥೆಯವರಿಗೆ ಹಾಡು ಎಂದರೆ ಪ್ರಾಣ. "ಬಗ್ಗಿ ಬಗ್ಗಿ ಸೊಂಟ ಮುರೀತಿರೋವಾಗ ಪದ ಹೇಳಕ್ಕೆ ಉಸಿರು ಎಲ್ಲಿಂದ ತರಾದು? ನಾವು ಇಲ್ದೇ ಇರೋರ ಸುದ್ದಿ ಮಾತಾಡ್ತಾ ನೆಡ್ತಿದ್ವಿ. ಪದ ಕಲ್ತಿದ್ದು ನಿಮ್ಮಂಗೆ ಪೆಟ್ಟಿಗೆ ತಗಂಡು ಒಬ್ರು ಬಂದಿದ್ರಲ್ಲ, ಅವ್ರಿಗೆ ಬೇಕು ಅಂತ." ಇದನ್ನು ನಾನು ವರದಿಯಲ್ಲಿ ಬರೆಯಲಿಲ್ಲ.

ಒಂದು ಸಲ ಮಳೆ ಜಾಸ್ತಿಯಾಗಿ ಗದ್ದೆ ಕೆಲಸ ಇರಲಿಲ್ಲ. ಹಾಗಾದರೆ ಮುಯ್ಯಿಗೆ ನೀವೇ ಏನಾದರೂ ಹೇಳಿ, ನಾನು ಕೇಳುತ್ತೇನೆ ಎಂದಳು. ನನ್ನ ಬದುಕನ್ನೆಲ್ಲ ಹೇಳಿದೆ. ಹುಟ್ಟಿದ್ದು, ಓದಿದ್ದು, ಕೆಲಸ ಸಿಕ್ಕಿದ್ದು, ಮದುವೆ, ಎರಡು ವರ್ಗಾವಣೆ. ಹನ್ನೆರಡು ನಿಮಿಷಕ್ಕೆ ಮುಗಿಯಿತು. "ಇಷ್ಟೇಯಾ?" ಎಂದಳು, ನಿಜವಾಗಿ ಕನಿಕರಪಟ್ಟು.

ಅವಳಿಗೆ ಎರಡು ನಿಯಮಗಳಿದ್ದವು. ದಿನದ ಮಾತು ಮುಗಿದ ಮೇಲೆ ಅಷ್ಟನ್ನೂ ತಿರುಗಿ ಹಾಕಿ ಕೇಳಿಸಬೇಕು, ಇದು ಒಂದು. ಸಂಜೆ ಹೊತ್ತು ನೆಟ್ಟ ಗದ್ದೆಯನ್ನು ಸುತ್ತಿ ನೋಡುವ ಹಾಗೆ, ತಲೆ ಓರೆ ಮಾಡಿಕೊಂಡು ಪೂರ್ತಿ ಕೇಳುತ್ತಿದ್ದಳು. ತಪ್ಪು ಕಂಡರೆ ಮಾರನೆಯ ದಿನ ಸೊಸೆಯ ಫೋನಿನಿಂದ ನನಗೆ ಧ್ವನಿ ಸಂದೇಶ ಬರುತ್ತಿತ್ತು: "ಮೇಷ್ಟ್ರೆ, ನಿನ್ನೆ ಹೇಳಿದ್ದು ಸುಳ್ಳು. ಎಮ್ಮೆ ಅಲ್ಲ ಅದು, ದನ." ಇನ್ನೊಂದು ನಿಯಮ, ನಾನು ಹೋದ ಕೂಡಲೇ ಒಂದು ಹಳೆಯ ತಾಮ್ರದ ಚೊಂಬಿನಲ್ಲಿ ನೀರು, ಜೊತೆಗೊಂದು ಚೂರು ಬೆಲ್ಲ. ಮನೆಯವರೆಲ್ಲ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದರು. ನನಗೆ ಮಾತ್ರ ಫಳಫಳ ಹೊಳೆಯುವ ಚೊಂಬು. "ಇದು ನಿಮಗೇ ಅಂತ ಇಟ್ಟಿದ್ದು" ಎಂದಿದ್ದಳು. ನಾನು ಹಿಗ್ಗಿ ಎರಡೆರಡು ಚೊಂಬು ಕುಡಿಯುತ್ತಿದ್ದೆ.

ಮೂರನೆಯ ವರ್ಷದಲ್ಲಿ ಒಂದು ದಿನ ಜಗಲಿಯಲ್ಲಿ ರೆಕಾರ್ಡರ್ ಇಟ್ಟು, ಭೂಮಿ ನಿಮ್ಮ ಹೆಸರಿಗೆ ಆದ ಕಥೆ ಹೇಳಿ ಎಂದೆ. ಸೊಸೆ ಪಕ್ಕದಲ್ಲೇ ಕೂತು ತೊಗರಿ ಆರಿಸುತ್ತಿದ್ದಳು.

"ನಮ್ಮೋರು ಗದ್ದೆ ನಮ್ದು ಅಂತ ಅರ್ಜಿ ಹಾಕಿದ್ರು. ಆ ವರ್ಷ ನಮ್ಮನೆಗೆ ಮುಯ್ಯಾಳು ಬರ್ಲಿಲ್ಲ" ಎಂದಳು.

"ಯಾಕೆ?"

"ಒಡೇರು ಬೇಡ ಅಂದ್ರು. ಆ ಮನೆ ನೆಟ್ಟಿಗೆ ಯಾರು ಹೋಗ್ತಾರೆ ನೋಡ್ತೀನಿ ಅಂದ್ರು. ಊರಾಗೆ ಹನ್ನೆರಡು ಮನೆ. ಅಷ್ಟೂ ಅವ್ರ ಒಕ್ಕಲು. ಯಾರು ಬರ್ತಾರೆ?"

"ಯಾವ ಒಡೇರು?"

ಅವಳು ಅಂಗಳಕ್ಕೆ ಕವಳ ಉಗಿದು ಬಾಯಿ ಒರೆಸಿಕೊಂಡಳು. "ನಿಮ್ಮಜ್ಜ."

ಮುಂದಿನದನ್ನೂ ಸ್ವಲ್ಪ ಹೇಳಿದಳು. ಗಂಡ ಅರ್ಜಿಯ ಹಿಂದೆ ಆಫೀಸಿಗೆ ಅಲೆಯುತ್ತಿದ್ದ. ಸಸಿ ಮಡಿಯಲ್ಲಿ ಬಲಿಯುತ್ತಿತ್ತು. ಎಂಟು ತಿಂಗಳ ಕೂಸನ್ನು ಬದುವಿನ ಮೇಲೆ ಬುಟ್ಟಿಯಲ್ಲಿ ಮಲಗಿಸಿ, ಎರಡೂವರೆ ಎಕರೆಗೆ ಒಬ್ಬಳೇ ಇಳಿದಳು. ಮೂರು ದಿನ ನೆಟ್ಟರೂ ಒಂದು ಮೂಲೆ ತುಂಬಲಿಲ್ಲ. ಪಕ್ಕದ ಗದ್ದೆಯಲ್ಲಿ ಗೆಳತಿಯರೆಲ್ಲ ನೆಡುತ್ತಿದ್ದವರು ಇವಳ ಕಡೆ ಬೆನ್ನು ಹಾಕಿಯೇ ನೆಟ್ಟರು. ಇಷ್ಟು ಕೇಳುವುದರಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಫೋನ್ ಬಂತು ಎಂದು ಸುಳ್ಳು ಹೇಳಿ, ರೆಕಾರ್ಡರನ್ನು ಜಗಲಿಯಲ್ಲೇ ಬಿಟ್ಟು ರಸ್ತೆಯವರೆಗೆ ನಡೆದೆ.

ನಮ್ಮ ಮನೆಯಲ್ಲಿ ಅಜ್ಜನೆಂದರೆ ಗೋಡೆಯ ಮೇಲಿನ ದೊಡ್ಡ ಫೋಟೊ. ಗಂಧದ ಹಾರ, ಹುಬ್ಬು ಗಂಟು. ಪ್ರತಿ ವರ್ಷ ಶ್ರಾದ್ಧದ ಊಟವಾದ ಮೇಲೆ ಚಿಕ್ಕಪ್ಪ, ಅವರು ನಿವೃತ್ತ ಹೆಡ್‌ಮಾಸ್ಟರು, ಒಕ್ಕಲುಗಳನ್ನು ಅಜ್ಜ ಮಕ್ಕಳ ಹಾಗೆ ನೋಡಿಕೊಂಡದ್ದನ್ನು ಹೇಳಬೇಕು, ನಾವು ತಲೆ ಆಡಿಸಬೇಕು. ರಸ್ತೆಯಲ್ಲಿ ನಿಂತು ಅವರಿಗೇ ಫೋನ್ ಮಾಡಿ ಕೇಳಿದ್ದನ್ನು ಹೇಳಿದೆ.

"ಅದೆಲ್ಲ ಎಂತಕ್ಕೆ ಈಗ?" ಎಂದರು ನಮ್ಮ ಮನೆಮಾತಿನಲ್ಲಿ. "ಆ ಮುದುಕಿ ಹೇಳಿದ್ದೆಲ್ಲ ಖರೆ ಹೇಳಿ ಎಂತ ಗ್ಯಾರಂಟಿ ಇದ್ದು? ಅಪ್ಪಯ್ಯನ ಹೆಸರು ಅದು. ತೆಗೆದು ಹಾಕು."

ನಾನು ತಿರುಗಿ ಬಂದಾಗ ಅವಳು ಹೇಳುವುದನ್ನೆಲ್ಲ ಹೇಳಿ ಮುಗಿಸಿ ಹೊಸ ಕವಳ ಹಾಕುತ್ತಿದ್ದಳು. ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು. ಅಂಥ ಕಥೆಗೆ ನಗು ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ದಿನ ತಿರುಗಿ ಕೇಳಿಸುವ ನಿಯಮವನ್ನೂ ತಪ್ಪಿಸಿ, ಮುಂದಿನ ಸಲ ಕೇಳಿಸುತ್ತೇನೆ ಎಂದು ಓಡಿ ಬಂದೆ. ಮನೆಗೆ ಬಂದವನು 'ಆ ವರ್ಷ' ಎಂಬಲ್ಲಿಂದ ಕೊನೆಯವರೆಗೆ ಅಷ್ಟನ್ನೂ ಕತ್ತರಿಸಿದೆ. ಸುಮಾರು ಅರ್ಧ ಗಂಟೆ. ಕತ್ತರಿಸುವ ಮೊದಲು ಕೇಳಲೂ ಇಲ್ಲ. ಕೇಳುವುದನ್ನೇ ಕೆಲಸ ಮಾಡಿಕೊಂಡ ಮನುಷ್ಯ ಕೇಳದೆ ಮಾಡಿದ ಕೆಲಸ ಅದು. ಅಳಿಸಿ ಹಾಕುವಷ್ಟು ಗಟ್ಟಿ ಮನಸ್ಸೂ ಇಲ್ಲದೆ, ಆ ತುಂಡನ್ನು ಕಂಪ್ಯೂಟರಿನ ಇನ್ನೊಂದು ಮೂಲೆಯಲ್ಲಿ ಇಟ್ಟೆ.

ಮುಂದಿನ ಸಲ ಹೋದಾಗ ಅವಳು ಮರೆತಿರಲಿಲ್ಲ. ಹಾಕಿ ಎಂದಳು. ಹಾಕಿದೆ. ಅರ್ಜಿ ಹಾಕಿದಲ್ಲಿಗೆ ಬಂದು ನಿಂತಿತು.

"ಇಲ್ಲಿ ಸಾಲು ಹಾರಿದೆ" ಎಂದಳು.

ಮಷಿನ್ ಕೆಟ್ಟಿತ್ತು ಎಂದೆ.

"ಮಷಿನ್ನಿಗೂ ನಿಮ್ಮಜ್ಜಂಗೂ ಎಂತ ನೆಂಟಸ್ತಿಕೆ ಮೇಷ್ಟ್ರೆ? ಸರಿಯಾಗಿ ಅವ್ರ ಬಾಗ್ಲಿಗೆ ಬಂದೇ ಕೆಟ್ಟಿದೆಯಲ್ಲ."

ಸುಳ್ಳಿನ ವಿಷಯದಲ್ಲಿ ಅವಳ ಎದುರು ನಾನು ಒಂದನೇ ಇಯತ್ತೆ. ಒಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಚೊಂಬಿನಲ್ಲಿ ನೀರನ್ನೂ ಎಂದಿನ ಹಾಗೆ ಕೊಟ್ಟಳು. ಆದರೆ ಇನ್ನು ಹೇಳುವುದಿಲ್ಲ ಎಂದಳು. "ನಾ ಒಂದಿನ ಕೂತು ಹೇಳಿದ್ದು ನಿಮ್ಮ ಕೈಯಾಗೆ ಇಲ್ಲ ಅಂದ್ರೆ ಮುಯ್ಯಾಳು ತಪ್ಪಿದಂಗೆ. ಆ ದಿನದ್ದು ಪೂರ್ತಿ, ನಿಮ್ಮಜ್ಜನ ಫೋಟೊ ಕೆಳಗೆ, ನಿಮ್ಮನೆಯೋರು ಎಲ್ಲಾ ಕೂತಿರುವಾಗ ಕೇಳ್ಸಿ. ಅಲ್ಲಿಗೆ ಸರಿ ಆಯ್ತು." ಆಮೇಲೆ ನಾನು ಅವಳ ಬಾಯಲ್ಲಿ ಯಾವತ್ತೂ ಕೇಳದ ಸಣ್ಣ ದನಿಯಲ್ಲಿ ಹೇಳಿದಳು: "ನಾ ಹೋದ್ರೆ ಆ ವರ್ಷನ ಹೇಳೋರು ಯಾರಿಲ್ಲ. ನಿಮ್ಮನೆಯೋರಿಗೆ ಗೊತ್ತಿಲ್ಲ. ನಮ್ಮ ಮಗಂಗೆ ಬೇಡ. ಬುಟ್ಟಿಯಾಗೆ ಮಲಗಿದ್ದೋನು ಅವ್ನೇ."

ಆಗಲಿ ಎಂದೆ. ಒಂಬತ್ತು ತಿಂಗಳಾದರೂ ಆಗಲಿಲ್ಲ. ಮೌಲ್ಯಮಾಪನ ಬಂತು, ಚುನಾವಣೆ ಕೆಲಸ ಬಂತು, ಚಿಕ್ಕಪ್ಪನ ಮೊಣಕಾಲಿನ ಆಪರೇಷನ್ ಬಂತು. ಅದಕ್ಕಂತೂ ನಾನು ಒಳಗೊಳಗೇ ಸಂತೋಷಪಟ್ಟೆ. ಆಪರೇಷನ್ ಆದವರ ಮುಂದೆ ಇಂಥದ್ದು ಹಾಕಬಾರದಲ್ಲ. ಅವಳ ಸಂದೇಶಗಳು ಬರುತ್ತಲೇ ಇದ್ದವು. "ಮೇಷ್ಟ್ರೆ, ಆಯ್ತಾ?" "ಮೇಷ್ಟ್ರೆ, ಕೆಮ್ಮು ಜಾಸ್ತಿಯಾಗದೆ. ಆಯ್ತಾ?" ಕೊನೆಯದರಲ್ಲಿ ಮೇಷ್ಟ್ರೆ ಕೂಡ ಇರಲಿಲ್ಲ, ಒಂದಿಷ್ಟು ಕೆಮ್ಮಿ "ಆಯ್ತಾ?" ಎಂದಷ್ಟೇ. ಅದಕ್ಕೆ ನಾನು ಕೈಮುಗಿದ ಚಿತ್ರ ಕಳಿಸಿದ್ದೆ. ಈಗಲೂ ಆ ಚಿತ್ರ ಕಂಡರೆ ನನಗೆ ನಾಚಿಕೆಯಾಗುತ್ತದೆ.

ಅವಳು ಸತ್ತ ಮುಂದಿನ ತಿಂಗಳು ಅಜ್ಜನ ಶ್ರಾದ್ಧ ಬಂತು. ತೀರ್ಥಹಳ್ಳಿಯಲ್ಲಿ ಚಿಕ್ಕಪ್ಪನ ಮನೆ. ವಡೆ, ಸುಕ್ಕಿನುಂಡೆ ತಿಂದು ಇಪ್ಪತ್ತು ಜನ ಫೋಟೊದ ಕೆಳಗೆ ಚಾಪೆ ಹಾಸಿ ಒರಗಿದ್ದರು. ಚಿಕ್ಕಪ್ಪ ಮಕ್ಕಳ ಹಾಗೆ ನೋಡಿಕೊಂಡದ್ದನ್ನು ಶುರು ಮಾಡಲು ಗಂಟಲು ಸರಿ ಮಾಡಿಕೊಂಡರು. ಅಷ್ಟರಲ್ಲಿ ನಾನು ಸ್ಪೀಕರ್ ತಂದು ಇಟ್ಟೆ.

"ಎಂತ ಅದು?"

"ಅಜ್ಜನ ಸುದ್ದಿ" ಎಂದು ಒತ್ತಿಬಿಟ್ಟೆ. ಮುಂದೇನಿದೆ ಎಂದು ನನಗೂ ಗೊತ್ತಿರಲಿಲ್ಲ.

ಮುಯ್ಯಾಳು ನಿಲ್ಲಿಸಿದ್ದು ಬಂತು. ಬುಟ್ಟಿಯ ಕೂಸು ಬಂತು. ಚಿಕ್ಕಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ಚಿಕ್ಕಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. 'ಫೋನ್ ಬಂತು' ಎಂಬ ನನ್ನ ಸುಳ್ಳೂ ಕೇಳಿಸಿತು, ಚಪ್ಪಲಿ ಮೆಟ್ಟಿ ಹೋದ ಸದ್ದೂ ಕೇಳಿಸಿತು. ಆಮೇಲೆ ಅವಳ ದನಿ, ಸೊಸೆಗೆ ಹೇಳುತ್ತಿದ್ದದ್ದು:

"ಎದ್ದು ಹೋದ ನೋಡು. ಹೋಗ್ಲಿ, ಪೆಟ್ಟಿಗೆ ಕೇಳ್ತಾ ಅದಲ್ಲ. ಮೂರ್ನೇ ದಿನ ನಂಗೆ ತಡ್ಕಳಕ್ಕೆ ಆಗ್ಲಿಲ್ಲ. ಕೆಸರು ಮೈಯಾಗೇ ಒಡೇರ ಅಂಗಳಕ್ಕೆ ಹೋದೆ. ಜಗಲಿ ತುಂಬ ನೆಂಟ್ರು. ಹನ್ನೊಂದು ವರ್ಷ ನಿಮ್ಮ ಗದ್ದೆಗೆ ಬಿಟ್ಟಿ ನೆಟ್ಟಿ ಮಾಡೀನಿ ಒಡೇರೆ, ಒಂದಿನನೂ ತಿರುಗಿ ಬಂದಿಲ್ಲ, ಅಷ್ಟೂ ಬೇಡ, ಒಂದೇ ಒಂದಿನ ಕೊಡಿ ಅಂದೆ. ಮಾತಾಡ್ಲಿಲ್ಲ ಅವ್ರು. ಮಾರನೇ ದಿನ ಬೆಳಗಾತ ನಾ ನೆಡ್ತಾ ಇದ್ದೀನಿ, ಯಾರೋ ಕೊಪ್ಪೆ ಹಾಕ್ಕಂಡು ಬದು ಮೇಲೆ ಬಂದ್ರು. ಕೈಯಾಗೆ ಚೊಂಬು, ಕಿವಿಗೆ ಜನಿವಾರ. ಇವ್ರಿಗೆ ಹೊರಕಡೆಗೆ ಕೂರಕ್ಕೆ ನನ್ ಗದ್ದೆನೇ ಬೇಕಾ ಅಂತ ಬೈಯಕ್ಕೆ ಎದ್ದೆ. ನೋಡಿದ್ರೆ ಒಡೇರು."

ಇಲ್ಲಿ ಸೊಸೆ ಕಿಸಕ್ಕೆಂದದ್ದು ಕೇಳಿಸಿತು. ಚಾಪೆಯ ಮೇಲೆ ನನ್ನ ತಂಗಿಯ ಮಗಳೂ ಕಿಸಕ್ಕೆಂದಳು.

"ಮನೇಲಿ ಹೊರಕಡೆಗೆ ಹೋಗ್ತೀನಿ ಅಂತ ಹೇಳಿ ಬಂದಿದ್ರು. ಇಲ್ದಿದ್ರೆ ಯಾರು ಬಿಡ್ತಾರೆ? ಚೊಂಬು ಬದು ಮೇಲಿಟ್ಟು ಗದ್ದೆಗೆ ಇಳ್ದ್ರು. ಒಂದು ಮಾತಿಲ್ಲ. ನಾ ಸಸಿ ಕೊಟ್ಟೆ, ಅವ್ರು ನೆಟ್ರು. ಅದೂ ಒಂದು ನೆಟ್ಟಿನಾ, ಒಂದು ಆ ಕಡೆ ವಾಲ್ತದೆ, ಒಂದು ಈ ಕಡೆ ವಾಲ್ತದೆ, ನಾಕು ತೇಲ್ತಾ ಅದೆ. ಮಧ್ಯಾಹ್ನದ ತನಕ ಬಗ್ಗಿದ ಸೊಂಟ ಎತ್ಲಿಲ್ಲ ಪಾಪ. ಅಷ್ಟೊತ್ತಿಗೆ ಮೇಲಿನಕೇರಿಯಿಂದ ಕೂಗು. ಹೊರಕಡೆಗೆ ಹೋದೋರು ಊಟದ ಹೊತ್ತಾದ್ರೂ ಬರ್ಲಿಲ್ಲ ಅಂತ ಮನೆಯೋರು ಹುಡುಕ್ತಾ ಬಂದಿದ್ರು. ಬಿದ್ದೂ ಎದ್ದೂ ಓಡಿದ್ರು ನೋಡು, ಚೊಂಬು ಇಲ್ಲೇ ಬಿಟ್ಟು. ಅವ್ರು ಹೋದ ಮೇಲೆ ನಾ ಅಷ್ಟೂ ಕಿತ್ತು ಬೇರೆ ನೆಟ್ಟೆ. ಎದ್ರಿಗೇ ಕಿತ್ರೆ ಬೇಜಾರಾಗ್ತದಲ್ಲ ಮನುಷ್ಯಂಗೆ. ಯಾರು ನೋಡಿದ್ರೋ ಏನೋ, ಮಾರನೇ ದಿನ ಏಳು ಜನ ಮುಯ್ಯಾಳು ಬಂದ್ರು. ಅವ್ರೂ ಏನೂ ಕೇಳ್ಲಿಲ್ಲ, ನಾನೂ ಏನೂ ಹೇಳ್ಲಿಲ್ಲ. ಊರೋರು ಬರಬೋದು ಅಂತ ಬಾಯ್ಬಿಟ್ಟು ಹೇಳಕ್ಕೆ ಒಡೇರಿಗೆ ಆಗ್ಲಿಲ್ಲ, ಅದ್ಕೇ ತಾವೇ ಬಂದಿದ್ರೋ ಏನೋ. ಚೊಂಬು ಇವಂಗೆ ನೀರು ಕೊಡ್ತೀನಲ್ಲ, ಅದೇ."

ಮೂರು ವರ್ಷ, ಎರಡೆರಡು ಚೊಂಬು.

"ಒಡೇರು ಕೊಟ್ಟಿದ್ದು ಅರ್ಧ ದಿನ. ಇನ್ನರ್ಧ ದಿನ ಆ ಮನೇದು ಬಾಕಿ ಅದೆ. ಮೊಮ್ಮಗ ನೆಡ್ತಾ ಇದ್ದಾನಲ್ಲ, ಅದು ನಾ ಹೇಳಿದ್ದಕ್ಕೆ ಸರಿ ಆಯ್ತು. ಈ ಅರ್ಧ ದಿನ ಬೇರೆ." ಇಷ್ಟಾದ ಮೇಲೆ ನನ್ನ ಚಪ್ಪಲಿಯ ಸದ್ದು ಹತ್ತಿರ ಬಂತು, ಮುಗಿಯಿತು.

ಎಲ್ಲರೂ ಚಿಕ್ಕಪ್ಪನ ಮುಖ ನೋಡುತ್ತಿದ್ದರು. ಅವರು ಫೋಟೊ ನೋಡುತ್ತಿದ್ದರು.

"ಆ ಚೊಂಬು ಕಳೆದದ್ದು ಆನು ಹೇಳಿ ಅಮ್ಮ ಎಂಗೆ ಬೆತ್ತ ಮುರಿಯ ತನಕ ಹೊಡದಿತ್ತು" ಎಂದರು ಕೊನೆಗೆ. "ಅಪ್ಪಯ್ಯ ಅಲ್ಲೇ ಕೂತಿದ್ದಿದ್ದ. ಒಂದು ಮಾತು ಆಡಿದ್ನಿಲ್ಲೆ."

ಅರವತ್ತು ದಾಟಿದ ಹೆಡ್‌ಮಾಸ್ಟರು ತಾನು ಕಳೆಯದ ಚೊಂಬಿಗೆ ಪೆಟ್ಟು ತಿಂದ ಹನ್ನೆರಡು ವರ್ಷದ ಹುಡುಗನ ಹಾಗೆ ಕೂತಿದ್ದರು. ನಗಬೇಕೋ ಅಳಬೇಕೋ ನಮಗೆ ತಿಳಿಯಲಿಲ್ಲ. ಆಮೇಲೆ ಅವರೇ ಮುಂದುವರಿದರು. "ಮುಯ್ಯಾಳು ನಿಲ್ಸಿದ್ದು ಖರೆ ಇದ್ದು. ಜಗಲಿ ಮೇಲೆ ಕೂತ್ಕಂಡು ಹೇಳಿದ್ದು, ಆನು ಕೇಳಿದ್ದಿ. ಅದು ಇರ್ಲಿ, ತೆಗೆಯದು ಬ್ಯಾಡ. ಚೊಂಬಿನ ವಿಷಯ ಒಂದು ತೆಗೆ."

ಚೊಂಬು ತೆಗೆದರೆ ಅಜ್ಜ ಗದ್ದೆಗೆ ಬಂದದ್ದೇ ಇಲ್ಲವಾಗುತ್ತದೆ ಚಿಕ್ಕಪ್ಪ ಎಂದೆ. ಅವರು ಬಹಳ ಹೊತ್ತು ಯೋಚಿಸಿದರು. "ಹಂಗಾರೆ ಇರ್ಲಿ" ಎಂದು ಎದ್ದು ಕೈ ತೊಳೆಯಲು ಹೋದರು. ಆ ವರ್ಷ ಮಕ್ಕಳ ಹಾಗೆ ನೋಡಿಕೊಂಡ ಭಾಷಣ ಆಗಲಿಲ್ಲ. ಅಷ್ಟೂ ಮಾತು ಈಗ ನಮ್ಮ ಕಡತದಲ್ಲಿ ಒಂದಕ್ಷರ ಬಿಡದೆ ಇದೆ.

ಅವಳ ಒಂದು ದಿನ ಅಲ್ಲಿಗೆ ತೀರಿತು. ಅಜ್ಜನ ಅರ್ಧ ದಿನ ಉಳಿಯಿತು.

ನೆಟ್ಟಿ ಶುರುವಾದ ಸುದ್ದಿ ತಿಳಿದು ಒಂದು ಭಾನುವಾರ ಹೋದೆ. ಊರಿನ ಅರ್ಧ ಗದ್ದೆಗಳಿಗೆ ಈಗ ನಾಟಿ ಮಷಿನ್ ಬಂದಿದೆ. ಇವರ ಗದ್ದೆ ಇಳಿಜಾರಿನಲ್ಲಿರುವುದರಿಂದ ಮಷಿನ್ ಇಳಿಯುವುದಿಲ್ಲ. ಸೊಸೆ, ಜೊತೆಗೆ ಮುಯ್ಯಾಳಿಗೆ ಬಂದ ನಾಲ್ಕು ಹೆಂಗಸರು. ಶ್ರಾದ್ಧದ ದಿನದ ಸುದ್ದಿಯನ್ನೆಲ್ಲ ಸೊಸೆಗೆ ಹೇಳಿದೆ. ಅವಳು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ನಾನು ಚೊಂಬನ್ನೂ ಅವಳನ್ನೂ ನೋಡಿದೆ. "ಅತ್ತೆ ಐವತ್ತು ವರ್ಷ ಹುಣಸೆಹಣ್ಣು ಹಾಕಿ ತಿಕ್ಕಿದಾರೆ ಮೇಷ್ಟ್ರೆ, ಕುಡೀರಿ" ಎಂದಳು. ಕುಡಿದೆ. ಬದುವಿನ ಮೇಲೆ ಅವಳ ಅತ್ತೆ ಕೂರುತ್ತಿದ್ದ ಜಾಗ ಖಾಲಿ ಇತ್ತು. ಅದನ್ನು ನೋಡಬಾರದೆಂದು ತಲೆ ತಗ್ಗಿಸಿ ನೆಟ್ಟೆ. ಯಾರೂ ಹಂಗಿಸುವವರಿಲ್ಲದೆ ಕೆಸರಿನಲ್ಲಿ ಬಗ್ಗಿರುವುದು ಕಷ್ಟವಾಯಿತು.

ಮಧ್ಯಾಹ್ನಕ್ಕೆ ನನ್ನ ಸಾಲು ಮುಗಿಯಿತು. ಈ ಸಲ ಪರವಾಗಿಲ್ಲ ಎಂದು ನನಗೇ ಅನ್ನಿಸಿತು. ಉಳಿದವರು ಊಟಕ್ಕೆ ಮನೆಯ ಕಡೆ ನಡೆದರು. ನಾನು ಕೈಕಾಲು ತೊಳೆದು, ವಾಚು ಕಟ್ಟಿ, ಬೈಕಿನ ಹತ್ತಿರ ಬಂದು ತಿರುಗಿ ನೋಡಿದರೆ, ಸೊಸೆ ಬದುವಿನ ಮೇಲೆ ನಿಂತಿದ್ದಳು, ಅತ್ತೆ ನಿಲ್ಲುತ್ತಿದ್ದ ಹಾಗೆಯೇ. ನನ್ನ ಕಣ್ಣು ತುಂಬಿ ಬಂತು. ತಿರುಗಿ ಅವಳ ಹತ್ತಿರ ಹೋಗಿ, "ಊಟಕ್ಕೆ ಹೋಗಮ್ಮ. ಅತ್ತೆಯ ಹಾಗೆ ನೀನೂ ಯಾಕೆ ನಿಲ್ತೀಯಾ, ನಾನೇನು ಹೊರಗಿನವನಾ?" ಎಂದೆ.

ಸೊಸೆ ನನ್ನ ಸಾಲನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಅವಳ ಕೈಯಲ್ಲಿ ಒಂದು ಹಿಡಿ ಸಸಿ ಇತ್ತು.

"ಹೊತ್ತಾಗ್ತದೆ, ನೀವು ಹೊರಡಿ ಮೇಷ್ಟ್ರೆ. ನೀವು ತಿರುವು ದಾಟೋ ತನಕ ಕೀಳಬಾರ್ದು ಅಂತ ಅತ್ತೆ ಹೇಳಿ ಹೋಗಿದಾರೆ."